ಹಾಸ್ಟೆಲ್ ರೂಮಿಗೆ ಸಾಮಾನು ಜೋಡಿಸಿದ ಭಾನುವಾರ

ಚಿಕ್ಕಮಗಳೂರಿನಲ್ಲಿ ಮಕ್ಕಳನ್ನು ಹಾಸ್ಟೆಲ್‌ಗೆ ಬಿಡುವ ಕಾಲವೂ ಮಳೆಗಾಲವೂ ಹೆಚ್ಚುಕಡಿಮೆ ಒಂದೇ. ಅಕ್ಕನ ಮಗನ ರೂಮು ಜೋಡಿಸಲು ಹೋದ ಭಾನುವಾರವೂ ಬೆಳಿಗ್ಗೆಯಿಂದ ಜಿಟಿಜಿಟಿ ಹಿಡಿದಿತ್ತು. ಊರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಶೃಂಗೇರಿ, ಕೊಪ್ಪದಷ್ಟು ಮಳೆ ಇಲ್ಲಿ ಸುರಿಯುವುದಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಒಣಗುವ ಬಿಡುವು ಸಿಗುವುದು ಕಡಿಮೆ. ಹಾಗಾಗಿ ಈ ಊರಿನ ರೂಮಿನಲ್ಲಿ ಎಷ್ಟು ಸಾಮಾನು ಹಿಡಿಸಬಹುದು ಎನ್ನುವುದು ಎರಡನೆಯ ಮಾತು. ಇಟ್ಟ ಸಾಮಾನಿನ ಸುತ್ತ ಗಾಳಿ ಆಡುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಮೂವರಿಗೆ ಒಂದು ರೂಮು. ತಲಾ ಒಂದು ಕಬ್ಬಿಣದ ಮಂಚ, ಗೋಡೆಯೊಳಗೆ ಕಡಪ ಕಲ್ಲಿನ ಹಲಗೆಗಳ ಕಪಾಟಿನಲ್ಲಿ ಒಂದೊಂದು ಪಾಲು. ಯಾವುದನ್ನೂ ಕೊಳ್ಳುವ ಮೊದಲು ಟೇಪು ಹಿಡಿದೆವು. ಮಂಚ 75 ಇಂಚು ಉದ್ದ, 36 ಇಂಚು ಅಗಲ. ನೆಲದಿಂದ ಅಡ್ಡಪಟ್ಟಿಗೆ 13 ಇಂಚು. ಮನೆಯಿಂದ ತಂದ ಟ್ರಂಕಿನ ಎತ್ತರವೇ 14 ಇಂಚು. ಹೀಗಾದಾಗ ಟ್ರಂಕು ರೂಮಿನ ನಡುವೆ ಕೂತು ಓಡಾಡುವ ಜಾಗವನ್ನೆಲ್ಲ ನುಂಗುತ್ತದೆ.

ಇದಕ್ಕೆ 16x8x4 ಇಂಚಿನ ನಾಲ್ಕು ಸಾಲಿಡ್ ಬ್ಲಾಕ್ ಸಾಕು. ಒಂದೊಂದು ಕಾಲಿನ ಕೆಳಗೆ ಒಂದೊಂದನ್ನು ಅಗಲವಾಗಿ ಮಲಗಿಸಿ ಇಡಬೇಕು. ಹೆಚ್ಚು ಎತ್ತರ ಸಿಗಲಿ ಎಂದು ಬ್ಲಾಕನ್ನು ಎದ್ದು ನಿಲ್ಲಿಸುವವರಿದ್ದಾರೆ. ಅದರ ತಳ ಬರೀ 4 ಇಂಚು, ಯಾರಾದರೂ ಮಂಚಕ್ಕೆ ಜೋರಾಗಿ ಒರಗಿದರೆ ಉರುಳಿಯೇ ಬಿಡುತ್ತದೆ. ಇಟ್ಟಿಗೆ ಒಂದರ ಮೇಲೊಂದು ಇಟ್ಟರೂ ಅದೇ ಅಪಾಯ. ಮಂಚದ ಕಾಲು ಟೊಳ್ಳು ಪೈಪಾದ್ದರಿಂದ ತುದಿಗೆ ರಬ್ಬರ್ ಬುಷ್ ಇಲ್ಲದಿದ್ದರೆ ಹಳೆಯ ಟಯರಿನ ತುಂಡೊಂದನ್ನು ನಡುವೆ ಇಡಿ, ಜಾರುವುದಿಲ್ಲ.

ಈಗ 17 ಇಂಚು ಸಿಕ್ಕಿತು. ಟ್ರಂಕನ್ನು ನೇರ ನೆಲಕ್ಕೆ ಇಡಲಿಲ್ಲ. ಸಾಮಿಲ್‌ನಲ್ಲಿ ಸಿಲ್ವರ್ ಓಕ್ ಮರದ ಒಂದು ಇಂಚು ದಪ್ಪದ ಪಟ್ಟಿಗಳು ಸಿಗುತ್ತವೆ. ಕಾಫಿ ತೋಟಗಳ ನೆರಳಿನ ಮರವಾದ್ದರಿಂದ ಈ ಭಾಗದಲ್ಲಿ ಅದಕ್ಕೆ ಬರವಿಲ್ಲ. ಒಣಗಿದ್ದನ್ನೇ ಕೇಳಿ, ಹಸಿ ಪಟ್ಟಿ ಡೊಂಕಾಗುತ್ತದೆ. ಎರಡು ಪಟ್ಟಿಗಳನ್ನು ಟ್ರಂಕು ಎಳೆಯುವ ದಿಕ್ಕಿಗೇ ಹಾಸಿದರೆ ಅದು ರೈಲು ಹಳಿಯ ಮೇಲೆ ಹೋದಂತೆ ಸರಾಗ ಜಾರುತ್ತದೆ. ಟ್ರಂಕಿನ ಹಿಡಿ ಇರುವುದು ಚಿಕ್ಕ ಬದಿಯಲ್ಲಿ, ಆ ಬದಿ ಹೊರಗಿರಲಿ.

"ಗೋಡೆಗೇ ತಾಗಿಸಿದ್ರೆ ಇನ್ನೂ ಜಾಗ ಉಳಿಯುತ್ತಲ್ಲ ಮಾಮ?" ಅಂದ ಹುಡುಗ.

ಟ್ರಂಕು 30 ಇಂಚು ಉದ್ದ, ಹಿಂದೆ 6 ಇಂಚು ಖಾಲಿ ಉಳಿದಿತ್ತು. ಅದನ್ನು ಹಾಗೇ ಬಿಡಬೇಕು. ಪಡುವಣ ಗೋಡೆಗೆ ಮಳೆ ನೇರ ಬಡಿಯುತ್ತದೆ, ಒಳಗಿನ ಮೈ ತಣ್ಣಗಿರುತ್ತದೆ, ರೂಮಿನ ತೇವ ಅಲ್ಲೇ ಕೂರುತ್ತದೆ. ಅದಕ್ಕೆ ತಾಗಿದ ಟ್ರಂಕು ತುಕ್ಕು ಹಿಡಿಯುತ್ತದೆ, ಬಟ್ಟೆಗೆ ಬೂಷ್ಟು ಬರುತ್ತದೆ. ಕಾಫಿ ಗೋದಾಮಿನಲ್ಲೂ ಮೂಟೆಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ ಪೇರಿಸುವುದು ಇದೇ ಕಾರಣಕ್ಕೆ. ಟ್ರಂಕಿನಡಿಗೆ ಗೋಣಿಚೀಲ ಹಾಸುವುದಂತೂ ಬೇಡವೇ ಬೇಡ, ಅದು ನೆಲದ ತೇವವನ್ನು ಹೀರಿ ಹಿಡಿದುಕೊಂಡಿರುತ್ತದೆ.

ಕಪಾಟಿನಲ್ಲಿ ಎರಡು ಕಲ್ಲುಗಳ ನಡುವೆ 15 ಇಂಚು ಇತ್ತು. ಅಷ್ಟೆತ್ತರ ಬಟ್ಟೆ ಪೇರಿಸಿದರೆ ಕೆಳಗಿನ ಅಂಗಿ ಎಳೆದಾಗ ರಾಶಿಯೆಲ್ಲ ಬೀಳುತ್ತದೆ. ಅಲ್ಲಿಗೆ ಕಾಲುಮಣೆಯಂಥ ಒಂದು ಹಲಗೆ ಮಾಡಿದೆವು: 24 ಇಂಚು ಉದ್ದ, 10 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ, ಎರಡೂ ತುದಿಗೆ 7 ಇಂಚಿನ ಕಾಲು, ಕಾಲಿಗೆ ಮೂರರಂತೆ ಒಂದೂವರೆ ಇಂಚಿನ ಸ್ಕ್ರೂ. ಸಿಲ್ವರ್ ಓಕ್ ತುದಿಯಲ್ಲಿ ಸೀಳುತ್ತದೆ, ಮೊದಲು ಸಣ್ಣ ಬೈರಿಗೆಯಿಂದ ತೂತು ಕೊರೆದೇ ಸ್ಕ್ರೂ ಹಾಕಬೇಕು. ಒಂದು ಗೂಡು ಎರಡಾಯಿತು, ಗೋಡೆಗೆ ಒಂದು ಮೊಳೆಯೂ ಬೀಳಲಿಲ್ಲ. ಹಲಗೆಯ ಹಿಂದೆ ಎರಡು ಇಂಚು ಬಿಡಿ. ಪುಸ್ತಕದ ಭಾರಕ್ಕೆ ಅದು ಬಾಗುತ್ತದೆ. ಪುಸ್ತಕ ಕಲ್ಲಿನ ಮೇಲೆ, ಬಟ್ಟೆ ಹಲಗೆಯ ಮೇಲೆ.

ಅಂಟಿಸುವ ಕೊಕ್ಕೆ ಡಿಸ್ಟೆಂಪರ್ ಗೋಡೆಯಲ್ಲಿ ನಿಲ್ಲದು, ಬಣ್ಣದ ಪದರವನ್ನೇ ಕಿತ್ತುಕೊಂಡು ಬೀಳುತ್ತದೆ. ಎನಾಮೆಲ್ ಬಳಿದ ಬಾಗಿಲು, ಟೈಲ್ಸ್, ಕಬ್ಬಿಣದ ಬೀರು ಇದ್ದಲ್ಲಿ ಮಾತ್ರ ಅಂಟಿಸಿ. ಬಾಗಿಲ ನೆತ್ತಿಗೆ ಸಿಕ್ಕಿಸುವ ಸ್ಟೀಲ್ ಕೊಕ್ಕೆಯ ಪಟ್ಟಿ ಇನ್ನೂ ವಾಸಿ. ನಿತ್ಯ ಬೇಕಾಗುವ ಸ್ವೆಟರ್, ಜರ್ಕಿನ್, ಕೊಡೆ ಎಲ್ಲ ಅಲ್ಲಿಗೇ ಹೋಯಿತು, ಕೊಡೆ ನೀರಿಳಿದ ಮೇಲೆ.

ಪೂರ್ತಿ ಒಣಗದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ಬೂಷ್ಟನ್ನು ಕರೆದು ಕೂರಿಸಿದಂತೆ. ನುಸಿಗುಳಿಗೆ ಹುಳುವನ್ನು ತಡೆಯುತ್ತದೆಯೇ ಹೊರತು ತೇವವನ್ನಲ್ಲ. ಬೆಲ್ಟು, ಚರ್ಮದ ಬೂಟು ಎಲ್ಲಕ್ಕಿಂತ ಬೇಗ ಹಾಳಾಗುತ್ತವೆ, ಅವನ್ನು ಟ್ರಂಕಿಗೆ ಹಾಕದೆ ಮಂಚದ ಕೆಳಗೆ ಗಾಳಿ ಬರುವ ಬದಿಯಲ್ಲಿ ಇಟ್ಟೆವು. ಅಕ್ಕ ಕಟ್ಟಿಕೊಟ್ಟ ಕೋಡುಬಳೆ, ಚಟ್ನಿಪುಡಿ ಸ್ಟೀಲ್ ಡಬ್ಬಿಗೆ. ಪ್ಲಾಸ್ಟಿಕ್ ಡಬ್ಬಿಯನ್ನು ಇಲಿ ಕಡಿಯುತ್ತದೆ.

ದಸರಾ ರಜೆಗೆ ಊರಿಗೆ ಹೊರಡುವಾಗ ಬೇಡದ್ದನ್ನೆಲ್ಲ ಮನೆಗೆ ಸಾಗಿಸಿ, ಟ್ರಂಕು ಬಿಚ್ಚಿ ಬಿಸಿಲಿಗಿಟ್ಟು, ಕಪಾಟಿನ ಬಾಗಿಲನ್ನು ಎರಡು ಬೆರಳಷ್ಟು ತೆರೆದು ಬರಲು ಅವನಿಗೆ ಹೇಳಿದ್ದೇನೆ.