ಹಾಲು ಬಿಟ್ಟ ಕರು, ಆಂಟಿಬಯೋಟಿಕ್ ಇಲ್ಲದ ಮೇವು

ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕುವ ಕರುಗಳು ಆರರಿಂದ ಎಂಟು ತಿಂಗಳವರೆಗೆ ಹುಲ್ಲುಗಾವಲಿನಲ್ಲಿ ತಾಯಿಯೊಂದಿಗೇ ಬೆಳೆಯುತ್ತವೆ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯಿಂದ ಬೇರೆಯಾಗುವ ಡೇರಿ ಕರುಗಳ ಕಥೆಯೇ ಬೇರೆ. ಇಲ್ಲಿ ನಾನು ಬರೆಯುತ್ತಿರುವುದು ಅವುಗಳ ಬಗ್ಗೆ ಅಲ್ಲ. ಶರತ್ಕಾಲದಲ್ಲಿ ಅನೇಕ ಕಡೆ ಹಾಲು ಬಿಡಿಸಿದ ದಿನವೇ ಕರುವನ್ನು ಲಾರಿಗೆ ಹತ್ತಿಸಿ ಹರಾಜಿಗೆ ಕಳುಹಿಸುತ್ತಾರೆ. ಅಲ್ಲಿ ಹತ್ತಾರು ಹಿಂಡುಗಳ ಕರುಗಳೊಂದಿಗೆ ಬೆರೆತ ಅದು, ಮತ್ತೊಂದು ದೀರ್ಘ ಪ್ರಯಾಣ ಮಾಡಿ ಟೆಕ್ಸಾಸ್, ಕ್ಯಾನ್ಸಸ್ ಅಥವಾ ನೆಬ್ರಾಸ್ಕಾದ ಫೀಡ್‌ಲಾಟ್‌ನಲ್ಲಿ, ಎಂದರೆ ಮಾಂಸದ ದನಗಳನ್ನು ಮೇವು ಹಾಕಿ ಕೊಬ್ಬಿಸುವ ದೊಡ್ಡಿಯಲ್ಲಿ, ಇಳಿಯುತ್ತದೆ. ಆರೋಗ್ಯವಂತ ಕರುವಿನ ಮೂಗಿನಲ್ಲಿ ಸುಮ್ಮನಿರುವ ಮ್ಯಾನ್‌ಹೀಮಿಯಾ ಹೀಮೊಲಿಟಿಕಾದಂಥ ಬ್ಯಾಕ್ಟೀರಿಯಾ, ಪ್ರಯಾಣದ ಒತ್ತಡದಿಂದಲೂ ವೈರಸ್ ಸೋಂಕಿನಿಂದಲೂ ಬಸವಳಿದ ಕರುವಿನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುವುದು ಈ ಮೊದಲ ವಾರಗಳಲ್ಲಿಯೇ.

ಇದನ್ನು ತಡೆಯಲು ಮೇವಿನಲ್ಲಿ ಕ್ಲೋರ್‌ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬೆರೆಸುವುದು ಹಳೆಯ ರೂಢಿ. 2017ರ ಜನವರಿ 1ರಿಂದ ಅಮೆರಿಕದಲ್ಲಿ, ಮನುಷ್ಯರ ಚಿಕಿತ್ಸೆಗೂ ಮುಖ್ಯವಾದ ಆಂಟಿಬಯೋಟಿಕ್‌ಗಳನ್ನು ಪಶುವೈದ್ಯರ ಲಿಖಿತ ಆದೇಶವಿಲ್ಲದೆ ಮೇವಿಗೆ ಬೆರೆಸುವಂತಿಲ್ಲ, ಕೇವಲ ತೂಕ ಹೆಚ್ಚಿಸಲು ಬಳಸುವಂತೆಯೂ ಇಲ್ಲ. ಯುರೋಪಿಯನ್ ಒಕ್ಕೂಟ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬಳಸುವುದನ್ನು 2006ರಲ್ಲಿಯೇ ಸಂಪೂರ್ಣವಾಗಿ ನಿಲ್ಲಿಸಿತ್ತು. ಈ ನಿರ್ಬಂಧಗಳು ಬಂದ ಮೇಲೆ, ಆಂಟಿಬಯೋಟಿಕ್‌ಗೆ ಬದಲಾಗಿ ಮೇವಿಗೆ ಬೆರೆಸುವ ಯೀಸ್ಟ್, ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ, ಓರೆಗಾನೊ ಅಥವಾ ದಾಲ್ಚಿನ್ನಿಯ ತೈಲ ಮುಂತಾದವುಗಳ ಮಾರಾಟ ಜೋರಾಗಿದೆ.

ನನ್ನ ತಕರಾರು ಇರುವುದು ಇಲ್ಲಿಯೇ. ಹೊಸದಾಗಿ ಬಂದ ಕರು ಮೊದಲ ವಾರದಲ್ಲಿ ತನ್ನ ತೂಕದ ಶೇ. 1.5ರಷ್ಟು ಒಣಮೇವನ್ನೂ ತಿನ್ನದೆ ಇರುವುದು ಸಾಮಾನ್ಯ. ಗೋದಲಿ ಎಂದರೇನೆಂದೇ ಅದಕ್ಕೆ ಗೊತ್ತಿರುವುದಿಲ್ಲ; ಜ್ವರ ಬಂದ ಕರುವಂತೂ ಅದರ ಹತ್ತಿರವೂ ಸುಳಿಯುವುದಿಲ್ಲ. ಹಾಗಾಗಿ ಮೇವಿನಲ್ಲಿ ಬೆರೆಸಿದ್ದು, ಅದು ಔಷಧಿಯಾಗಲಿ ಯೀಸ್ಟ್ ಆಗಲಿ, ಚೆನ್ನಾಗಿ ತಿನ್ನುವ ಆರೋಗ್ಯವಂತ ಕರುವಿಗೆ ಹೆಚ್ಚಾಗಿಯೂ ಅಗತ್ಯವಿರುವ ಕರುವಿಗೆ ಕಡಿಮೆಯಾಗಿಯೂ ಸೇರುತ್ತದೆ. ಯೀಸ್ಟ್‌ನಿಂದ ಕೆಲವು ಪ್ರಯೋಗಗಳಲ್ಲಿ ಮೇವು ತಿನ್ನುವುದು ಸುಧಾರಿಸಿದೆ, ಕೆಲವುಗಳಲ್ಲಿ ಏನೂ ಆಗಿಲ್ಲ. ತಾಮ್ರ, ಸತು, ಸೆಲೆನಿಯಂ ಕೊರತೆಯಿದ್ದರೆ ತುಂಬಿಕೊಡಲೇಬೇಕು. ಕೊರತೆಯಿಲ್ಲದಿದ್ದಾಗ ಹೆಚ್ಚಿಗೆ ಕೊಟ್ಟರೆ, ವಿಶೇಷವಾಗಿ ಸೆಲೆನಿಯಂ, ವಿಷವಾಗುತ್ತದೆ. ದನಗಳ ಮೇವಿಗೆ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಮನುಷ್ಯರ ಔಷಧಿಯಲ್ಲವಾದ್ದರಿಂದ ಅಮೆರಿಕದಲ್ಲಿ ಅದಕ್ಕೆ ಪಶುವೈದ್ಯರ ಆದೇಶ ಬೇಕಿಲ್ಲ. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿಯನ್ನು ಅದು ಚೆನ್ನಾಗಿ ತಡೆಯುತ್ತದೆ, ಆದರೆ ನ್ಯುಮೋನಿಯಾಕ್ಕೆ ಅದು ಉತ್ತರವಲ್ಲ. ಅಂದ ಹಾಗೆ, ಅದು ಕುದುರೆಗೆ ಮಾರಕ. ದನ, ಕುದುರೆ ಎರಡನ್ನೂ ಸಾಕುವವರು ಮೇವಿನ ಚೀಲಗಳನ್ನು ಬೇರೆಯಾಗಿಯೇ ಇಡಬೇಕು.

ಪರ್ಯಾಯವನ್ನು ಹುಡುಕಬೇಕಾದದ್ದು ಲಾರಿ ಬರುವುದಕ್ಕೆ ಮುಂಚಿನ ದಿನಗಳಲ್ಲಿ. ಗಟ್ಟಿ ಬೇಲಿಯ ಒಂದು ಬದಿಗೆ ತಾಯಿಯನ್ನೂ ಇನ್ನೊಂದು ಬದಿಗೆ ಕರುವನ್ನೂ ಒಂದು ವಾರ ಬಿಟ್ಟರೆ, ಅವು ಒಂದನ್ನೊಂದು ನೋಡುತ್ತ, ಮೂಸುತ್ತ ಇರುತ್ತವೆ, ಕರು ಹಾಲು ಕುಡಿಯುವುದು ಮಾತ್ರ ನಿಲ್ಲುತ್ತದೆ. ಕೆನಡಾದ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ ಎರಡು ಹಂತದ ಕ್ರಮದಲ್ಲಿ ಕರುವಿನ ಮೂಗಿಗೆ ಪ್ಲಾಸ್ಟಿಕ್ ಪಟ್ಟಿ ತೊಡಿಸಿ ಕೆಲವು ದಿನ ತಾಯಿಯ ಜೊತೆಗೇ ಬಿಡುತ್ತಾರೆ. ಹುಲ್ಲು ಮೇಯಲು, ನೀರು ಕುಡಿಯಲು ಅದು ಅಡ್ಡಿಯಾಗದು. ಕೆಚ್ಚಲಿಗೆ ಮಾತ್ರ ಬಾಯಿ ಹಾಕಲಾಗದು. ಆಮೇಲೆ ಬೇರ್ಪಡಿಸಿದಾಗ ಆ ಕರುಗಳು ಕೂಗುವುದೂ ಬೇಲಿಗುಂಟ ಅಲೆಯುವುದೂ ಬಹಳ ಕಡಿಮೆ. ಹೀಗೆ ಹಾಲು ಬಿಡಿಸಿ, ಉಸಿರಾಟದ ಕಾಯಿಲೆಗಳ ಲಸಿಕೆ ಹಾಕಿಸಿ, ಗೋದಲಿಯಲ್ಲಿ ತಿನ್ನುವುದನ್ನು ಕಲಿಸಿ, ಕನಿಷ್ಠ 45 ದಿನ ಹುಟ್ಟಿದ ಜಾಗದಲ್ಲೇ ಇರಿಸಿಕೊಂಡ ಕರು ಫೀಡ್‌ಲಾಟ್‌ಗೆ ಬಂದಾಗ ಕಾಯಿಲೆ ಬೀಳುವ ಸಾಧ್ಯತೆ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ.

ಹಾಗಿದ್ದರೂ ಎಲ್ಲರೂ ಏಕೆ ಮಾಡುವುದಿಲ್ಲವೆಂದರೆ, ಆ 45 ದಿನಗಳ ಮೇವು, ಲಸಿಕೆ, ಕೂಲಿಯ ಖರ್ಚು ಕರುವನ್ನು ಬೆಳೆಸಿದವನದು, ಕಾಯಿಲೆ ತಪ್ಪಿದ ಲಾಭ ಕೊಂಡವನದು. ದೊಡ್ಡ ರ‍್ಯಾಂಚ್‌ನವರು ಒಂದೇ ಬಗೆಯ ಕರುಗಳನ್ನು ಲಾರಿ ತುಂಬ ಮಾರಿ ಹೆಚ್ಚಿನ ಬೆಲೆ ಪಡೆಯುತ್ತಾರೆ. ಆದರೆ ಅಮೆರಿಕದಲ್ಲಿ ಮಾಂಸಕ್ಕಾಗಿ ಕರು ಬೆಳೆಸುವ ಹಿಂಡಿನ ಸರಾಸರಿ ಗಾತ್ರ 50 ಹಸುಗಳಿಗಿಂತ ಕಡಿಮೆ. ಇಪ್ಪತ್ತು ಕರುಗಳನ್ನು ಹರಾಜಿಗೆ ತಂದವನ ಬಳಿ ಲಸಿಕೆ ಹಾಕಿಸಿದ ಪ್ರಮಾಣಪತ್ರವಿದ್ದರೂ, ಅವನ ಕರುಗಳು ಲಸಿಕೆ ಕಾಣದ ಕರುಗಳೊಂದಿಗೆ ಒಂದೇ ಲಾರಿ ಹತ್ತುತ್ತವೆ. ಅಕ್ಕಪಕ್ಕದ ಸಣ್ಣ ಹಿಂಡಿನವರು ಒಂದೇ ಲಸಿಕೆ ಕ್ರಮವನ್ನು ಅನುಸರಿಸಿ ಕರುಗಳನ್ನು ಒಟ್ಟಾಗಿ ಮಾರುವ ಏರ್ಪಾಡುಗಳು ಅಲ್ಲಲ್ಲಿ ಇವೆ. ಸಂಶೋಧನೆಗೆ ಮೀಸಲಾದ ಹಣದಲ್ಲಿ ಒಂದು ಪಾಲು ಹೊಸ ತೈಲಗಳ ಬದಲು ಇಂಥ ಏರ್ಪಾಡುಗಳಿಗೆ ಹೋಗಲಿ ಎಂಬುದು ನನ್ನ ಅಭಿಪ್ರಾಯ.