ಯಾವುದು ಹೆಸರು, ಯಾವುದು ಬಿರುದು: ಮಕ್ಕಳಿಗೆ ಬೈಬಲ್ ಹೇಳಿಕೊಡುವವರಿಗೆ

ಮುಂಬಯಿಯ ಕನ್ನಡ ಕ್ರೈಸ್ತರ ಮನೆಗೆ ಬೈಬಲ್ ಎರಡು ದಾರಿಯಿಂದ ಬರುತ್ತದೆ. ಅಜ್ಜಿ ಓದುವುದು ಕನ್ನಡದ ಸತ್ಯವೇದ, ಮೊಮ್ಮಗಳು ಚರ್ಚಿನಲ್ಲಿ ಕೇಳುವುದು ಇಂಗ್ಲಿಷ್ ವಾಚನ. ಅಜ್ಜಿಯ ‘ಯಾಕೋಬ’ ಮೊಮ್ಮಗಳಿಗೆ ಹಳೆಯ ಒಡಂಬಡಿಕೆಯಲ್ಲಿ ಜೇಕಬ್, ಹೊಸದರಲ್ಲಿ ಜೇಮ್ಸ್. ಇವೆರಡು ಬೇರೆ ಬೇರೆ ಹೆಸರು ಎಂದೇ ಮಗು ನಂಬಿರುತ್ತದೆ. ಆದರೆ ಹೆಸರು ಒಂದೇ. ಲ್ಯಾಟಿನ್ನಿನ ‘ಯಾಕೋಬುಸ್’ ಆಡುಮಾತಿನಲ್ಲಿ ‘ಯಾಕೋಮುಸ್’ ಆಗಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವಷ್ಟರಲ್ಲಿ ಜೇಮ್ಸ್ ಆಯಿತು. ಪೋರ್ಚುಗೀಸರ ‘ಸಾಂತಿಯಾಗೊ’ ಕೂಡ ಸಂತ ಯಾಕೋಬನೇ. ಇಲ್ಲಿ ಕನ್ನಡ ಸತ್ಯವೇದವೇ ಮೂಲಕ್ಕೆ ಹತ್ತಿರ. ಹಾಗಾಗಿ ಅರ್ಥ ಹೇಳಿಕೊಡುವವರು ಕನ್ನಡ ರೂಪದಿಂದಲೇ ಶುರುಮಾಡುವುದು ಒಳ್ಳೆಯದು.

ಮೊದಲು ಹೆಸರಿನ ತಲೆ, ಬಾಲ ನೋಡಿ. ಹೀಬ್ರೂವಿನಲ್ಲಿ ‘ಏಲ್’ ಅಂದರೆ ದೇವರು. ‘ಯಾಹ್’, ‘ಯೋ’, ‘ಯೆಹೋ’ ಇವು ಇಸ್ರಾಯೇಲರ ದೇವರ ನಾಮದ ತುಂಡುಗಳು. ದಾನಿಯೇಲ ಅಂದರೆ ದೇವರು ನನ್ನ ನ್ಯಾಯಾಧಿಪತಿ. ಯೋಹಾನ ಅಂದರೆ ಯಾಹ್ ಕೃಪೆ ತೋರಿದ್ದಾನೆ. ಎಲೀಯನ ಹೆಸರಿನಲ್ಲಿ ಎರಡೂ ಇವೆ: ಯಾಹ್‌ನೇ ನನ್ನ ದೇವರು. ಊರೆಲ್ಲ ಬಾಳನೆಂಬ ಅನ್ಯದೇವತೆಗೆ ಅಡ್ಡಬೀಳುತ್ತಿದ್ದ ಕಾಲದಲ್ಲಿ ಆ ಪ್ರವಾದಿಯನ್ನು ಕೂಗಿ ಕರೆದರೇ ಸಾಕು, ಅದೊಂದು ಸಾಕ್ಷಿಯಾಗುತ್ತಿತ್ತು. ಮಾಹಿಮ್‌ನ ಸಂತ ಮೀಕಾಯೇಲರ ಚರ್ಚಿಗೆ ಬುಧವಾರದ ನೊವೆನಾ ಪ್ರಾರ್ಥನೆಗೆ ಹೋಗುವವರು ಗಮನಿಸಬೇಕಾದ್ದು: ಮೀಕಾಯೇಲ ಎಂಬುದು ಒಂದು ಪ್ರಶ್ನೆ. ‘ದೇವರಿಗೆ ಸಮಾನರಾರು?’

ಆಮೇಲೆ ಆ ಹೆಸರಿಟ್ಟ ವಚನಕ್ಕೆ ಹೋಗಿ. ಮತ್ತಾಯ 1:21ರಲ್ಲಿ ದೂತನು ಮಗುವಿಗೆ ಯೇಸು ಎಂದು ಹೆಸರಿಡಬೇಕು ಎನ್ನುತ್ತಾನೆ, ಏಕೆಂದರೆ ಆತನು ತನ್ನ ಜನರನ್ನು ಪಾಪಗಳಿಂದ ರಕ್ಷಿಸುವನು. ಕನ್ನಡದಲ್ಲಿ ಓದಿದರೆ ಈ ‘ಏಕೆಂದರೆ’ಗೆ ಹಿಡಿತ ಸಿಗುವುದಿಲ್ಲ. ‘ಯೆಹೋಶುವ’ ಎಂದು ಬಿಡಿಸಿದರೆ ಸಿಗುತ್ತದೆ: ಯೆಹೋವನೇ ರಕ್ಷಣೆ. ಅದು ಕುಗ್ಗಿ ‘ಯೇಶುವ’ ಆಯಿತು. ಗ್ರೀಕಿನಲ್ಲಿ ‘ಶ’ ಇಲ್ಲದ್ದರಿಂದ ‘ಸ’ ಬಂತು, ಗಂಡು ಹೆಸರಿನ ಪ್ರತ್ಯಯ ಸೇರಿ ‘ಯೇಸೂಸ್’ ಆಯಿತು. ಯೊರ್ದನ್ ದಾಟಿಸಿದ ಯೆಹೋಶುವನ ಹೆಸರೂ ಇದೇ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇಬ್ಬರ ಹೆಸರಿಗೂ ಒಂದೇ ಕಾಗುಣಿತ.

ಕಿವಿಗೆ ಒಂದೇ ಥರ ಕೇಳಿಸುತ್ತದೆಂದು ಯೇಸುವನ್ನು ‘ಈಶ’ನಿಗೆ, ಕ್ರಿಸ್ತನನ್ನು ‘ಕೃಷ್ಣ’ನಿಗೆ ಜೋಡಿಸುವವರಿದ್ದಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಆದರೂ ಅದು ತಪ್ಪು. ಕೃಷ್ಣ ಅಂದರೆ ಕಪ್ಪು ವರ್ಣದವನು. ಕ್ರಿಸ್ತ ಬಂದದ್ದು ಎಣ್ಣೆ ಹಚ್ಚು ಎಂಬ ಗ್ರೀಕ್ ಕ್ರಿಯಾಪದದಿಂದ. ಅದು ಹೀಬ್ರೂವಿನ ‘ಮೆಸ್ಸೀಯ’ದ ಅನುವಾದ, ನಮ್ಮ ಮಾತಿನಲ್ಲಿ ಅಭಿಷಿಕ್ತ. ಯೇಸು ಹೆಸರು, ಕ್ರಿಸ್ತ ಬಿರುದು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಮನೆತನದ ಹೆಸರು ನೋಡಿ ಬೆಳೆದ ಮುಂಬಯಿಯ ಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಆ ಎಣ್ಣೆ ಎಂಥದ್ದು ಎಂದು ತೋರಿಸಿದರೆ ಬಿರುದಿನ ತೂಕ ಗೊತ್ತಾಗುತ್ತದೆ. ವಿಮೋಚನಕಾಂಡ 30ರಲ್ಲಿ ಅಳತೆ ಇದೆ: ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250, ಸುವಾಸನೆಯ ಬಜೆ 250, ಕಾಸಿಯ ಚಕ್ಕೆ 500, ಆಲಿವ್ ಎಣ್ಣೆ ಒಂದು ಹಿನ್. ಶೆಕೆಲ್ ಅಂದರೆ ಸುಮಾರು 11 ಗ್ರಾಂ. ಅಂದರೆ ಹದಿನಾರು ಹದಿನೇಳು ಕಿಲೋ ಸುಗಂಧದ್ರವ್ಯ, ಎಣ್ಣೆಯೋ ಕೆಲವೇ ಲೀಟರ್. ಅದೇ ಪಾಕದಲ್ಲಿ ಬೇರೆ ಯಾರೂ ಮಾಡಿಕೊಳ್ಳಬಾರದು, ಸುಮ್ಮನೆ ಮೈಗೆ ಹಚ್ಚಿಕೊಳ್ಳಬಾರದು ಎಂಬ ಕಟ್ಟಪ್ಪಣೆಯೂ ಅಲ್ಲೇ ಇದೆ. ಯಾಜಕನಿಗೆ, ಅರಸನಿಗೆ ಅಭಿಷೇಕವಾಗುತ್ತಿತ್ತು. ಎಲೀಷನನ್ನು ಪ್ರವಾದಿಯಾಗಿ ಅಭಿಷೇಕಿಸಲು ಎಲೀಯನಿಗೆ ಅಪ್ಪಣೆಯಾಯಿತು. ಈ ಮೂರೂ ಹೊಣೆ ಒಬ್ಬನಲ್ಲಿ ಕೂಡಿದವು ಎನ್ನುವುದೇ ‘ಕ್ರಿಸ್ತ’ ಎಂದು ಒಪ್ಪಿಕೊಳ್ಳುವುದರ ಅರ್ಥ. ಕಥೋಲಿಕರ ದೀಕ್ಷಾಸ್ನಾನದಲ್ಲಿ ಮಗುವಿನ ನೆತ್ತಿಗೆ ಹಚ್ಚುವ ‘ಕ್ರಿಸ್ಮ’ ಎಣ್ಣೆಯ ಹೆಸರೂ ಅದೇ ಬೇರಿನದು. ಆಗ ಹೇಳುವ ಪ್ರಾರ್ಥನೆಯಲ್ಲಿ ಯಾಜಕ, ಪ್ರವಾದಿ, ಅರಸ ಮೂರೂ ಬರುತ್ತವೆ. ಹೆಸರಿಡುವ ದಿನ ತಂದೆತಾಯಿಗೆ ಇದನ್ನು ವಿವರಿಸಲು ಎರಡು ನಿಮಿಷ ಸಾಕು.

ಯೇಸು ತನ್ನನ್ನು ಕರೆದುಕೊಂಡ ‘ಮನುಷ್ಯಕುಮಾರ’ ಎಂಬಲ್ಲಿ ಮಾತ್ರ ಕನ್ನಡ ಓದುಗರು ಎಡವುತ್ತಾರೆ. ಯೆಹೆಜ್ಕೇಲನನ್ನು ದೇವರು ತೊಂಬತ್ತಕ್ಕೂ ಹೆಚ್ಚು ಸಲ ‘ನರಪುತ್ರನೇ’ ಎಂದು ಕರೆಯುತ್ತಾರೆ, ಅಲ್ಲಿ ಅರ್ಥ ಬರೀ ಮನುಷ್ಯ. ದಾನಿಯೇಲ 7:13-14ರಲ್ಲಿ ಮೇಘಗಳೊಡನೆ ಬರುವ ಮನುಷ್ಯಕುಮಾರನಂಥವನಿಗೆ ನಿತ್ಯ ರಾಜ್ಯ ಕೊಡಲಾಗುತ್ತದೆ. ಮಹಾಯಾಜಕನೆದುರು ಯೇಸು ಎತ್ತಿಕೊಂಡದ್ದು ಈ ಎರಡನೆಯದನ್ನು. ಇದು ಬರೀ ದೈನ್ಯದ ಮಾತು ಎಂದು ಕಲಿಸಿದರೆ ಆತನಿಗೆ ದೈವದೂಷಣೆಯ ಆರೋಪ ಏಕೆ ಬಂತೆಂದು ಮಗುವಿಗೆ ತಿಳಿಯುವುದೇ ಇಲ್ಲ.

ಬೆಂಗಳೂರು ಮೈಸೂರು ಕಡೆಯಿಂದ ಬಂದ ಕಥೋಲಿಕ ಕುಟುಂಬಗಳಲ್ಲಿ ರಾಯಪ್ಪ, ಚಿನ್ನಪ್ಪ, ಅರುಳಪ್ಪ ಎಂಬ ಹೆಸರುಗಳಿವೆ. ಇವು ಅನುವಾದಗಳು. ಪೇತ್ರ ಅಂದರೆ ಬಂಡೆ, ತೆಲುಗಿನ ‘ರಾಯಿ’ ಕಲ್ಲು. ಲ್ಯಾಟಿನ್ನಿನ ‘ಪಾವುಲುಸ್’ ಅಂದರೆ ಚಿಕ್ಕವನು, ಆದ್ದರಿಂದ ಚಿನ್ನಪ್ಪ. ಯೋಹಾನನ ಕೃಪೆಯೇ ತಮಿಳಿನ ‘ಅರುಳ್’. ಮಗುವಿಗೆ ತಾತನ ಹೆಸರಿಡುವಾಗ ‘ಹಳೆಯದಾಯಿತು’ ಎಂದು ಪೀಟರ್ ಮಾಡುವವರಿಗೆ ಒಂದು ವಿನಂತಿ: ದಯವಿಟ್ಟು ಬೇಡ. ಪೀಟರ್‌ನಲ್ಲಿ ಬಂಡೆ ಕೇಳಿಸುವುದಿಲ್ಲ, ರಾಯಪ್ಪನಲ್ಲಿ ಇನ್ನೂ ಕೇಳಿಸುತ್ತದೆ.

ಹೀಬ್ರೂವಿನ ದೇವರ ನಾಮದ ನಾಲ್ಕು ಅಕ್ಷರಗಳನ್ನು (ಯ, ಹ, ವ, ಹ) ಯೆಹೂದ್ಯರು ಉಚ್ಚರಿಸದೆ ‘ಅದೋನಾಯ್’, ಅಂದರೆ ಕರ್ತನೇ, ಎಂದು ಓದುತ್ತಾರೆ. ಮುಂಬಯಿಯ ಮಾಂಡ್ವಿಯಲ್ಲಿ 1796ರಲ್ಲಿ ಆರಂಭವಾದ ಬೆನೆ ಇಸ್ರೇಲ್ ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲೂ ಪದ್ಧತಿ ಇದೇ. ಓದುವವರಿಗೆ ನೆನಪಿಸಲು ಆ ನಾಲ್ಕು ವ್ಯಂಜನಗಳಿಗೆ ‘ಅದೋನಾಯ್’ನ ಸ್ವರ ಹಾಕಿ ಬರೆದಿದ್ದರು. ಎರಡನ್ನೂ ಕೂಡಿಸಿ ಓದಿದ್ದರಿಂದ ‘ಯೆಹೋವ’ ಹುಟ್ಟಿತು. ಕಥೋಲಿಕ ಆರಾಧನೆಯಲ್ಲಿ ಆ ನಾಮವನ್ನು ‘ಯಾಹ್ವೆ’ ಎಂದು ಹಾಡಬಾರದೆಂದು 2008ರಲ್ಲಿ ರೋಮಿನಿಂದ ಸೂಚನೆ ಬಂದಿದೆ. ಗಾಯನ ಮಂಡಳಿಯವರು ಹಳೆಯ ಹಾಡಿನ ಹಾಳೆ ತಿದ್ದುವಾಗ ಆ ಜಾಗಕ್ಕೆ ‘ಕರ್ತ’ ಅಥವಾ ‘ದೇವಾ’ ಹಾಕಿದರೆ ಎರಡಕ್ಷರದ ತಾಳವೂ ಉಳಿಯುತ್ತದೆ. ‘ಅಲ್ಲೆಲೂಯ’ವನ್ನು ಮುಟ್ಟಬೇಕಾಗಿಲ್ಲ. ಅದರ ಕೊನೆಯ ‘ಯ’ ಆ ನಾಮದ ತುಂಡೇ. ತಪಸ್ಸುಕಾಲದಲ್ಲಿ ಅದನ್ನು ಬಿಟ್ಟು, ಈಸ್ಟರ್ ಜಾಗರಣೆಯ ರಾತ್ರಿ ಮತ್ತೆ ಹಾಡುವಾಗ ಆ ಅಕ್ಷರವನ್ನು ಪೂರ್ತಿ ಉಚ್ಚರಿಸಿ.