ಮಲಗಿದ ಮೇಲೂ ತೂಗುವ ತೊಟ್ಟಿಲು

14 ನವೆಂಬರ್ 2024, ಗುರುವಾರ ರಾತ್ರಿ

ಒಂಬತ್ತನೆಯ ದಿನ ಅದು ಮತ್ತೆ ಸತ್ತಿತು. ಅದೇ, ಉಷ್ಣಾಂಶ ಬರೆದಿಡುವ ಡಬ್ಬಿ. 1000 ಎಂಎಎಚ್‌ನ (ಮಿಲಿಆಂಪಿಯರ್-ಗಂಟೆ) ಲಿಥಿಯಂ ಬ್ಯಾಟರಿ. ಹತ್ತು ನಿಮಿಷಕ್ಕೊಮ್ಮೆ ಒಂದು ಸೆಕೆಂಡು ಎದ್ದು, ಅಳತೆ ತೆಗೆದುಕೊಂಡು ಮಲಗಿಬಿಡುತ್ತದೆ. ತಿಂಗಳುಗಟ್ಟಲೆ ಬಾಳಬೇಕಾದದ್ದು.

ಮೊದಲು ಬ್ಯಾಟರಿಯನ್ನು ಬೈದೆ. ಅದು ನಿರಪರಾಧಿ.

ಮೊದಲ ಮಾದರಿಯಲ್ಲಿ ವೋಲ್ಟೇಜ್ ಇಳಿಸಲು ಲೀನಿಯರ್ ರೆಗ್ಯುಲೇಟರ್ ಇತ್ತು. 3.7 ವೋಲ್ಟನ್ನು 1.8ಕ್ಕೆ ಇಳಿಸುವಾಗ ಅರ್ಧಕ್ಕೂ ಹೆಚ್ಚು ಶಕ್ತಿಯನ್ನು ಬರೀ ಶಾಖ ಮಾಡಿ ಕಳೆಯುತ್ತದೆಂದು ಮೂಗು ಮುರಿದು ಕಿತ್ತು ಹಾಕಿದ್ದೆ. ಅದರ ಜಾಗಕ್ಕೆ ಬಕ್ ಕನ್ವರ್ಟರ್ ಬಂತು, ಸ್ವಿಚ್ ಬಡಿಯುತ್ತ ವೋಲ್ಟೇಜ್ ಇಳಿಸುವ ಸರ್ಕ್ಯೂಟು. ಅದು ಬ್ಯಾಟರಿಯನ್ನು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ಜೋಡಿಸಿ ಬಿಡಿಸುತ್ತದೆ. ಬಂದ ಶಕ್ತಿಯನ್ನು ಇಂಡಕ್ಟರ್ ಎಂಬ ತಂತಿಸುರುಳಿ ಹಿಡಿದಿಟ್ಟುಕೊಂಡು ನಿಧಾನವಾಗಿ ಬಡಿಸುತ್ತದೆ. ಡಯೋಡಿನ ಬದಲು ಎರಡನೆಯ ಮಾಸ್‌ಫೆಟ್ (ಟ್ರಾನ್ಸಿಸ್ಟರ್ ಸ್ವಿಚ್ಚು) ಇರುವ, ಶಕ್ತಿ ಕಡಿಮೆ ಪೋಲಾಗುವ ಜಾತಿ. ದಕ್ಷತೆ ಶೇ 90ರ ಮೇಲೆ. ಎಷ್ಟು ಬೀಗಿದ್ದೆ!

ಸಂಜೆ ಮೀಟರ್ ಹಚ್ಚಿದೆ. ಅಳತೆ ಮಾಡುವ ಚಿಪ್ ಗಾಢ ನಿದ್ರೆಯಲ್ಲಿದೆ, ಅದಕ್ಕೆ ಬೇಕಾದದ್ದು 5 ಮೈಕ್ರೊಆಂಪಿಯರ್. ಬ್ಯಾಟರಿಯಿಂದ ಹೋಗುತ್ತಿರುವುದು 5 ಮಿಲಿಆಂಪಿಯರ್. ಸಾವಿರ ಪಟ್ಟು. 200 ಗಂಟೆ, ಎಂಟು ದಿನ ಚಿಲ್ಲರೆ. ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂದದ್ದಕ್ಕೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅಮ್ಮ ಪಕ್ಕದಲ್ಲೇ ಕುಳಿತಿದ್ದಳು. "ಮಲಗಿದೆ ಅನ್ನುತ್ತೀಯ, ಮತ್ತೆ ತಿನ್ನುತ್ತಿರುವುದು ಯಾರು?"

ಈ ಕನ್ವರ್ಟರೇ, ಎಂದೆ. ಕೆಳಗೆ ಯಾರೂ ಕೇಳದಿದ್ದರೂ ಸ್ವಿಚ್ ಬಡಿಯುತ್ತಲೇ ಇರುತ್ತದೆ.

"ಮಗು ಮಲಗಿದ ಮೇಲೂ ತೊಟ್ಟಿಲು ತೂಗುತ್ತಾರೆಯೇ? ಮಿಸುಕಾಡಿದಾಗ ಒಮ್ಮೆ ತಳ್ಳಿದರೆ ಸಾಕಲ್ಲ."

ಆ ಇನ್ನೊಂದು ರೀತಿಯೂ ಅದರೊಳಗೇ ಇದೆ. ಪಿಎಫ್ಎಂ ಎನ್ನುತ್ತಾರೆ: ಔಟ್‌ಪುಟ್ ಸ್ವಲ್ಪ ಕುಸಿದಾಗ ಮಾತ್ರ ಒಂದೆರಡು ತಳ್ಳು, ಆಮೇಲೆ ಸುಮ್ಮನೆ. ರೀತಿ ಆರಿಸುವ ಮೋಡ್ ಪಿನ್ನನ್ನು ನೆಲಕ್ಕೆ (ಸೊನ್ನೆ ವೋಲ್ಟಿಗೆ) ಕಟ್ಟಿದ್ದರೆ ತಾನಾಗಿಯೇ ಹಾಗೆ ನಡೆದುಕೊಳ್ಳುತ್ತಿತ್ತು. ನಾನೇ ಅದನ್ನು ಮೇಲಿನ ವೋಲ್ಟೇಜಿಗೆ ಕಟ್ಟಿ ಸ್ವಿಚ್ ಸದಾ ಬಡಿಯುವಂತೆ ಮಾಡಿದ್ದೆ, ಸೆನ್ಸರ್‌ಗೆ ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) ತಗಲೀತೆಂಬ ಭಯದಿಂದ. ಶೇ 90 ಎಂಬುದು ಎಚ್ಚರದ ಹೊತ್ತಿನ ಅಂಕಿ; ನನ್ನ ಡಬ್ಬಿ 600 ಸೆಕೆಂಡಿನಲ್ಲಿ 599 ಮಲಗಿರುತ್ತದೆ. ಆ ಹಳೆಯ ರೆಗ್ಯುಲೇಟರೇ ಇದ್ದಿದ್ದರೆ ಇವತ್ತಿಗೂ ಬದುಕಿರುತ್ತಿತ್ತು. ಅಮ್ಮನಿಗೆ ಇದನ್ನು ಹೇಳಲಿಲ್ಲ.

ಬ್ಲೇಡಿನಿಂದ ತಾಮ್ರದ ಗೆರೆ ಕೆರೆದು, ಆ ಪಿನ್ನಿನಿಂದ ನೆಲಕ್ಕೆ ಕೂದಲಿನಷ್ಟು ತೆಳುವಾದ ತಂತಿ ಬೆಸೆದೆ. ಎರಡನೆಯ ಪ್ರಯತ್ನಕ್ಕೆ ಅಂಟಿತು. ಕೈ ನಡುಗುತ್ತದೆ ಈಚೆಗೆ. ಮೀಟರ್ 0.02 ಮಿಲಿಆಂಪಿಯರಿಗೆ ಇಳಿಯಿತು.

ಅಮ್ಮ ಮಲಗಿದ್ದಾಳೆ. ಹತ್ತೂವರೆಯಿಂದ ಅಳತೆಗಳನ್ನು ನೋಡುತ್ತಿದ್ದೇನೆ: 23.4, 23.4, 23.6, 23.3. ನಿನ್ನೆಯವರೆಗೆ ಇಷ್ಟು ಕುಣಿಯುತ್ತಿರಲಿಲ್ಲ. ಕಿಟಕಿಯ ಗಾಳಿಯೂ ಇರಬಹುದು, ಅಥವಾ ಆ ರಿಪಲ್ಲೇ. ಔಟ್‌ಪುಟ್ಟಿಗೆ ಇನ್ನೊಂದು 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಸೇರಿಸಿದರೆ, ಅಥವಾ ಅಳೆಯುವ ಆ ಒಂದು ಸೆಕೆಂಡು ಮಾತ್ರ ಪಿನ್ನನ್ನು ಚಿಪ್ಪೇ ಮೇಲಕ್ಕೆತ್ತುವ ಹಾಗೆ